ಏಳು ಸಲ ತೊಳೆದ ಕುರ್ಚಿ

ಗಲ್ಫ್ ಎಂದರೆ ಹೊಸ ಸಾಮಾನು. ನಾನು ಬೆಳೆದದ್ದೇ ಈ ನಂಬಿಕೆಯಲ್ಲಿ. ಉಪ್ಪ, ಅಂದರೆ ನನ್ನ ತಂದೆ, ಸೌದಿಯಿಂದ ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದರು. ಹಗ್ಗ ಬಿಗಿದ ಪೆಟ್ಟಿಗೆಯನ್ನು ಮನೆಯ ಮಧ್ಯೆ ಇಟ್ಟು ಬಿಚ್ಚಿದರೆ ಸಾಬೂನು, ಸೆಂಟು, ಪ್ಲಾಸ್ಟಿಕ್ ಎಲ್ಲ ಸೇರಿದ ಒಂದು ಪರಿಮಳ ಹಿತ್ತಲಿನವರೆಗೂ ಹೋಗುತ್ತಿತ್ತು. ಕಂಬಳಿಯ ಮೇಲಿನ ಪ್ಲಾಸ್ಟಿಕ್ ಚೀಲವನ್ನು ಕೂಡ ಉಮ್ಮ, ಅಂದರೆ ನನ್ನ ತಾಯಿ, ಬಿಸಾಡುತ್ತಿರಲಿಲ್ಲ. ನಾವು ಮಕ್ಕಳು ಆ ಚೀಲದೊಳಗೆ ಮುಖ ಹಾಕಿ ಮೂಸುತ್ತಿದ್ದೆವು.

ಉಪ್ಪನದ್ದೊಂದು ಹಟವಿತ್ತು. ಇನ್ನೊಬ್ಬರು ಬಳಸಿ ಬಿಟ್ಟ ವಸ್ತು ನಮ್ಮ ಮನೆಗೆ ಬರಕೂಡದು. ದೊಡ್ಡಮ್ಮನ ಮಕ್ಕಳಿಗೆ ಸಣ್ಣದಾದ ಅಂಗಿಯನ್ನು ಯಾರೋ ಪ್ರೀತಿಯಿಂದ ಕಳಿಸಿದರೆ, ಉಪ್ಪ ರಜೆಯಲ್ಲಿದ್ದ ಹೊತ್ತಾದರೆ, ಅದು ಬಂದ ದಾರಿಯಲ್ಲೇ ವಾಪಸು ಹೋಗುತ್ತಿತ್ತು. "ನಾನು ಅಲ್ಲಿ ಬಿಸಿಲಿಗೆ ಬೇಯುವುದು ನನ್ನ ಮಕ್ಕಳು ಇನ್ನೊಬ್ಬರು ಬಿಟ್ಟದ್ದನ್ನು ಹಾಕಿಕೊಳ್ಳಲಿಕ್ಕಲ್ಲ" ಎನ್ನುತ್ತಿದ್ದರು. ಅಂಥವರ ಮಗಳು ನಾನು. ಮದುವೆಯಾಗಿ ರಿಯಾದಿಗೆ ಬಂದು, ಗಂಡನ ಹಿಂದೆ ಮೂರು ಮಾಳಿಗೆ ಹತ್ತಿ, ಬಾಗಿಲು ತೆರೆದಾಗ ನನಗೆ ಕಂಡದ್ದೇನು? ಖಾಲಿ ಕೋಣೆಯ ನಡುವೆ ಒಂದು ಹಳೆ ಕುರ್ಚಿ.

ಎರಡು ಸಾವಿರದ ಹತ್ತರ ದಶಕ ಶುರುವಾಗಿ ಒಂದೆರಡು ವರ್ಷ ಆಗಿದ್ದೀತು. ಗಂಡ ರಿಯಾದಿನ ಒಲಾಯಾ ಬಡಾವಣೆಯ ಒಂದು ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ದಿನವಿಡೀ ಕಟ್ಟಡಗಳ ಒಳಾಂಗಣದ ಗೆರೆ ಎಳೆಯುವ ಕೆಲಸ. ಆ ಕೆಲಸದ ಹುಚ್ಚು ಮನೆಗೂ ಬಂದಿತ್ತು. ಆ ಕುರ್ಚಿಯ ಕಾಲುಗಳು ಮೇಲೆ ದಪ್ಪ, ಕೆಳಗೆ ಸಪೂರ, ಸ್ವಲ್ಪ ಹೊರಗೆ ಓರೆ. ಕೈ ಇಡುವ ಜಾಗ ಮುಂದಕ್ಕೆ ಬಂದು ಹಗುರಾಗಿ ಬಗ್ಗಿತ್ತು. ಬೆನ್ನಿಗೆ ಅಡ್ಡಪಟ್ಟಿಗಳು. ಕೂತರೆ ನೆಲಕ್ಕೆ ಹತ್ತಿರ. ಮೈಮೇಲೆಲ್ಲ ಯಾರೋ ಬಳಿದ ಕಪ್ಪು ಕಪ್ಪು ವಾರ್ನಿಶ್ ಅಂಟು ಅಂಟಾಗಿತ್ತು.

"ಈ ಕಾಲು ನೋಡು" ಅಂದರು ಗಂಡ, ಮದುವಣಗಿತ್ತಿಯನ್ನು ಪರಿಚಯ ಮಾಡಿಸುವ ಹಾಗೆ.

"ಕುರ್ಚಿಯ ಕಾಲು ನೋಡುತ್ತಾ ಇರಲಿಕ್ಕೆ ನಿಮಗೆ ಹೆಂಡತಿ ಎಂತಕ್ಕೆ ಬೇಕಿತ್ತು?" ಅಂದೆ. ನನಗೆ ಮೈಯೆಲ್ಲ ಉರಿದಿತ್ತು. ಊರಿನಲ್ಲಿ ಗೆಳತಿಯರಿಗೆಲ್ಲ ಚಿನ್ನದ ಬಣ್ಣದ ಸೋಫಾ, ಗಾಜಿನ ಟೇಬಲ್ ಅಂತ ಏನೇನೋ ಹೇಳಿ ಬಂದಿದ್ದೆ.

ಅವರು ಸಮಾಧಾನದಿಂದ ವಿವರಿಸಿದರು. ಇದು ಐವತ್ತು ಅರವತ್ತರ ದಶಕದ ಮಾಲು. ಆಗ ತೈಲದ ಕಂಪನಿಗಳಿಗೆ ಬಂದ ಅಮೆರಿಕದವರ ಮನೆಗಳಿಗೆಂದು ಹಡಗಿನಲ್ಲಿ ಬಂದದ್ದು. ಈಗ ಆ ಮನೆಗಳನ್ನು ಒಡೆದು ಹೊಸದು ಕಟ್ಟುತ್ತಾರೆ, ಸಾಮಾನು ಲಾರಿಯಲ್ಲಿ ಇಲ್ಲಿನ ಹರಾಜ್‌ಗೆ ಬರುತ್ತದೆ. ಹರಾಜ್ ಅಂದರೆ ರಿಯಾದಿನ ತೆಂಕು ಬದಿಯ ದೊಡ್ಡ ಹಳೆ ಸಾಮಾನಿನ ಸಂತೆ. ಇಂಥ ಗೆರೆ ಈಗ ಯಾರಿಗೂ ಎಳೆಯಲಿಕ್ಕೆ ಬರುವುದಿಲ್ಲ, ಯುರೋಪಿನಲ್ಲಿ ಇದಕ್ಕಾಗಿ ಸಾಯುತ್ತಾರೆ, ಹೀಗೆಲ್ಲ. ನನ್ನ ಕಿವಿಗೆ ಬಿದ್ದದ್ದು ಒಂದೇ ಶಬ್ದ, ಅಮೆರಿಕದವರು.

"ಅವರ ಮನೆಯಲ್ಲಿ ನಾಯಿ ಇರ್ತದೆ" ಅಂದೆ.

"ನಾಯಿಯನ್ನು ನೀನು ನೋಡಿದ್ದೀಯಾ?"

"ನಾಯಿ ಇಲ್ಲದ ಅಮೆರಿಕದವರನ್ನು ನೀವು ನೋಡಿದ್ದೀರಾ?"

ನಾಯಿಯ ಎಂಜಲು ತಾಗಿದ ವಸ್ತುವನ್ನು ಏಳು ಸಲ ತೊಳೆಯಬೇಕು, ಅದರಲ್ಲೊಂದು ಸಲ ಮಣ್ಣು ಬೆರೆಸಿದ ನೀರಿನಿಂದ. ನಮ್ಮ ಕಡೆ ಮದರಸಕ್ಕೆ ಹೋದ ಪ್ರತಿ ಮಗುವಿಗೂ ಇದು ಗೊತ್ತು. ಬರೀ ಸಂಶಯಕ್ಕೆ ತೊಳೆಯಬೇಕೆಂದೇನೂ ಇಲ್ಲ ಎನ್ನುವುದೂ ಗೊತ್ತು. ಆದರೆ ಆವತ್ತು ನನಗೆ ಧರ್ಮಕ್ಕಿಂತ ಸಿಟ್ಟು ದೊಡ್ಡದಾಗಿತ್ತು. ಏಳು ಸಲ ತೊಳೆಯದೆ ಈ ಕುರ್ಚಿ ಮನೆಯೊಳಗೆ ಇರಕೂಡದು ಎಂದು ಹಟ ಹಿಡಿದೆ. ಪಾಪ, ಹೊಸ ಗಂಡ. ಕುರ್ಚಿಯನ್ನು ಹೊತ್ತುಕೊಂಡು ಟೆರೇಸಿಗೆ ಹೋದರು. ಪಕ್ಕದ ಖಾಲಿ ಜಾಗಕ್ಕೆ ಇಳಿದು ಒಂದು ಬಾಲ್ದಿ ಮರಳು ತಂದರು. ಮೇಲಿನ ಮಾಳಿಗೆಯ ಮಿಸ್ರಿ, ಅಂದರೆ ಈಜಿಪ್ಟಿನ, ಮಾಸ್ತರರು ಮೆಟ್ಟಿಲಲ್ಲಿ ಸಿಕ್ಕಿ, ಮರಳು ಎಂತಕ್ಕೆ ಎಂದು ಕೇಳಿದರಂತೆ. ಗಂಡನಿಗೆ ಅರಬಿಯಲ್ಲಿ ಅಷ್ಟೆಲ್ಲ ಹೇಳಲಿಕ್ಕೆ ಬಾರದೆ, ಗಿಡ ನೆಡಲಿಕ್ಕೆ ಅಂದರಂತೆ.

ಮರಳು ಕಲಸಿದ ನೀರಿನಲ್ಲಿ ತೆಂಗಿನ ನಾರು ಅದ್ದಿ ನಾನು ಉಜ್ಜಿದೆ. ಸಿಟ್ಟಿನಲ್ಲಿ ಉಜ್ಜುವ ಕೈಗೆ ಬಲ ಜಾಸ್ತಿ. ಕಪ್ಪು ವಾರ್ನಿಶ್ ಸುಲಿದು ಸುಲಿದು ನೀರಿನ ಜೊತೆ ಹರಿಯಿತು. ಅಡಿಯಿಂದ ಬೆಲ್ಲದ ಬಣ್ಣದ ಮರ ಎದ್ದು ಬಂತು. ಆಮೇಲೆ ಬಂದದ್ದು ವಾಸನೆ. ನಮ್ಮ ಶಾಲೆಯ ಪಕ್ಕ ಒಂದು ಮರದ ಮಿಲ್ಲಿತ್ತು. ಸಾಗುವಾನಿ ಸೀಳುವ ದಿನ ಕ್ಲಾಸಿನೊಳಗೆಲ್ಲ ಆ ವಾಸನೆ ತುಂಬುತ್ತಿತ್ತು, ಗಣಿತದ ಮೇಷ್ಟ್ರು ಕಿಟಕಿ ಹಾಕಿಸುತ್ತಿದ್ದರು. ಅದೇ ವಾಸನೆ. ರಿಯಾದಿನ ಟೆರೇಸಿನಲ್ಲಿ, ನೀರಿನ ಟ್ಯಾಂಕುಗಳ ನಡುವೆ, ನಾನು ಮರಳು ಮೆತ್ತಿದ ಕೈಯಲ್ಲಿ ಕುಕ್ಕರುಗಾಲಲ್ಲಿ ಕೂತು ಅತ್ತೆ. ಊರು ಬಿಟ್ಟ ಮೇಲೆ ಮೊದಲ ಸಲ ಅತ್ತದ್ದು. ಗಂಡ ಹೆದರಿ, "ಕುರ್ಚಿ ನಾಳೆಯೇ ಬಿಸಾಡುವಾ ಮಾರಾಯ್ತಿ, ಅಳಬೇಡ" ಅಂದರು.

"ಮುಟ್ಟಿ ನೋಡಿ, ಬಿಸಾಡಿ ನೋಡಿ" ಅಂದೆ. ಆವತ್ತಿನಿಂದ ಆ ಹುಚ್ಚು ನನಗೂ ಹಿಡಿಯಿತು.

ಒಣಗಿದ ಮರಕ್ಕೆ ನಾನು ತೆಂಗಿನೆಣ್ಣೆ ತಿಕ್ಕಿದೆ. ಕರಾವಳಿಯವರಿಗೆ ತಲೆಗೂ ಅದೇ, ಮೀನಿಗೂ ಅದೇ, ಮರಕ್ಕೂ ಅದೇ. ಮೂರು ದಿನದಲ್ಲಿ ಧೂಳಿನ ಗಾಳಿ ಬಂದು ಎಣ್ಣೆಯ ಮೇಲೆ ಮರುಭೂಮಿಯೇ ಕೂತಿತು. ಮತ್ತೆ ತೊಳೆಯಬೇಕಾಯಿತು. ಮರಕ್ಕೆ ಹಾಕುವ ಎಣ್ಣೆ ಬೇರೆ ಇದೆಯೆಂದು ಆಮೇಲೆ ಕಲಿತೆ. ಮೆತ್ತೆ ಹೊಲಿಸಲು ಬತ್ತಾ ಪೇಟೆಯ ಒಬ್ಬ ಲಾಹೋರಿನ ದರ್ಜಿಯಲ್ಲಿಗೆ ಹೋದರೆ ಅವನು ಕೆಂಪು ಮಖಮಲ್ಲಿಗೆ ಬಂಗಾರದ ಗೊಂಡೆ ಇಳಿಬಿಡುತ್ತೇನೆಂದು ಕೂತ. ಬೂದು ಬಣ್ಣದ ಸಾದಾ ಬಟ್ಟೆ ಸಾಕು ಎಂದಾಗ ಅವನ ಮುಖ ನೋಡಬೇಕಿತ್ತು. ಹೊಲಿದು ಕೊಡುವಾಗ, "ಬಾಜಿ, ಮನಸ್ಸು ಬದಲಾದರೆ ಗೊಂಡೆ ಫ್ರೀ" ಅಂದ.

ಆಮೇಲಿನ ಶುಕ್ರವಾರಗಳನ್ನು ನೆನೆದರೆ ಈಗಲೂ ಮನಸ್ಸು ಅರಳುತ್ತದೆ. ಬೆಳಗಿನ ನಮಾಜು ಮುಗಿಸಿ, ಫ್ಲಾಸ್ಕಿನಲ್ಲಿ ಚಹ ಹಿಡಿದು, ನಮ್ಮ ಮುದಿ ಕಾರಿನಲ್ಲಿ ಹೊರಡುವುದು. ಮಧ್ಯಾಹ್ನದ ಜುಮಾ ನಮಾಜಿಗೆ ಮುಂಚೆ ವಾಪಸಾಗಬೇಕು. ಹರಾಜ್‌ನ ಸಾಲುಗಳಲ್ಲಿ ಆ ಹೊತ್ತಿಗೆ ಬರೀ ಗಂಡಸರ ನೂಕುನುಗ್ಗಲು. ಮೊದಮೊದಲು ನಾನು ಕಾರಿನಲ್ಲೇ ಕೂರುತ್ತಿದ್ದೆ. ಗಂಡ ಒಳಗೆ ಹೋಗಿ, ಕಂಡದ್ದರ ಫೋಟೋವನ್ನು ಮೊಬೈಲಿನಲ್ಲಿ ಹೊಡೆದು, ಓಡಿ ಬಂದು ಕಿಟಕಿಯಲ್ಲಿ ತೋರಿಸುವುದು. ನಾನು ನೋಡಿ, "ಅಡಿ ಭಾಗದ್ದು ತನ್ನಿ" ಎನ್ನುವುದು. ಅವರು ಮತ್ತೆ ಓಡುವುದು. ಕುರ್ಚಿಯ ಮುಖ ಯಾರು ಬೇಕಾದರೂ ಪಾಲಿಶ್ ಮಾಡುತ್ತಾರೆ, ನಿಜ ಇರುವುದು ಅಡಿಯಲ್ಲಿ. ಮೂರನೆಯ ಸಲ ಓಡುವಷ್ಟರಲ್ಲಿ ಅದನ್ನು ಇನ್ನೊಬ್ಬ ಎತ್ತಿಕೊಂಡು ಹೋಗಿರುತ್ತಿದ್ದ. ಹಾಗೆ ಒಂದು ಚಂದದ ದೀಪ ಕೈತಪ್ಪಿದ ದಿನ ನಾನು ಅಬಾಯ ಸರಿಮಾಡಿಕೊಂಡು ಕಾರಿನಿಂದ ಇಳಿದೇಬಿಟ್ಟೆ. ಯಾರೂ ಏನೂ ಹೇಳಲಿಲ್ಲ. ಸಾಲಿನ ಕೊನೆಯಲ್ಲಿ ನೆಲದ ಮೇಲೆ ಪಾತ್ರೆ ಹರಡಿಕೊಂಡು ಮಾರುವ ಮುದುಕಿಯರು ಮೊದಲಿನಿಂದಲೂ ಅಲ್ಲೇ ಇದ್ದರು. ನಾವು ಸುಮ್ಮನೆ ಹೆದರಿದ್ದೆವು.

ಇಳಿದ ಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಫ್ರಿಜ್ಜು, ರತ್ನಗಂಬಳಿ, ಸಿಂಹದ ಕಾಲಿನ ಬಂಗಾರದ ಬಣ್ಣದ ಸೋಫಾಗಳ ಗುಡ್ಡದ ಹಿಂದೆ ಎಲ್ಲೋ ಒಂದು ಸಪೂರ ಕಾಲು ಇಣುಕುತ್ತಿತ್ತು. ನನಗೆ ದೂರದಿಂದಲೇ ಕಾಣುತ್ತಿತ್ತು. ಕಂಡರೂ ಕಾಣದವರ ಹಾಗೆ ಮೊದಲು ಪಕ್ಕದ ಕಬ್ಬಿಣದ ಮಂಚಕ್ಕೆ ಬೆಲೆ ಕೇಳುವುದು ನನ್ನ ಉಪಾಯ. ಮಂಚಕ್ಕೆ ಚೌಕಾಸಿ ಮಾಡಿ ಸುಸ್ತಾಗಿ, ಹೊರಟವಳು ತಿರುಗಿ, "ಆ ಮೂಲೆಯ ಹಳೆ ಕುರ್ಚಿ ಕಟ್ಟಿಗೆಗೆ ಇಟ್ಟದ್ದಾ?" ಎನ್ನುವುದು. ಯಮನಿ ವ್ಯಾಪಾರಿಯೊಬ್ಬನಿಗೆ ನನ್ನ ಈ ನಾಟಕ ಬಾಯಿಪಾಠವಾಗಿತ್ತು. ನಾನು ಮಂಚದ ಹತ್ತಿರ ನಿಂತ ಕೂಡಲೇ, "ಮಂಚ ಬೇಡ ಅಲ್ಲವಾ ನಿನಗೆ, ಯಲ್ಲಾ, ಬೇಕಾದ್ದನ್ನು ಹೇಳು" ಎಂದು ನಗುತ್ತಿದ್ದ.

ಹಾಗೆ ಒಂದೊಂದಾಗಿ ಮನೆ ತುಂಬಿತು. ಜಾರುವ ಬಾಗಿಲಿನ ಉದ್ದನೆಯ ತಗ್ಗು ಕಪಾಟು ಬಂತು. ಅದರೊಳಗೆ ನನ್ನ ಪಿಂಗಾಣಿ ಮತ್ತು ಊರಿನ ಉಪ್ಪಿನಕಾಯಿ ಭರಣಿ. ಮೂರು ಬಣ್ಣದ ತಗಡಿನ ಟೊಪ್ಪಿ ಹಾಕಿದ ನಿಲುದೀಪ ಬಂತು. ಸುತ್ತ ಕಿರಣ ಚಾಚಿದ ಗೋಡೆ ಗಡಿಯಾರವೊಂದು ಬಂತು, ಅದು ಯಾವತ್ತೂ ಸರಿ ಹೊತ್ತು ತೋರಿಸಲಿಲ್ಲ. ಹಸಿರು ಗಾಜಿನ ಭಾರದ ಆಶ್‌ಟ್ರೇಯಲ್ಲಿ ನಾವು ಖರ್ಜೂರದ ಬೀಜ ಹಾಕುತ್ತಿದ್ದೆವು. ಒಂದೊಂದು ಬಂದಾಗಲೂ ಗಂಡ, "ಇದಕ್ಕೂ ನಾಯಿ ತಾಗಿದೆಯಾ, ಮರಳು ತರಲಾ?" ಎಂದು ಕೆಣಕುವುದು ತಪ್ಪಲಿಲ್ಲ. ಕೆಲವು ವರ್ಷದ ಮೇಲೆ, ವಿದೇಶಿಯರ ಕುಟುಂಬದವರ ಮೇಲೆ ಸರಕಾರದ ಶುಲ್ಕ ಬಂದು ನಾವೆಲ್ಲ ಗಂಟುಮೂಟೆ ಕಟ್ಟಿದಾಗ, ಇವೆಲ್ಲ ಬೇರೆ ಬೇರೆ ಮನೆ ಸೇರಿದವು. ಮೊದಲ ಕುರ್ಚಿಯೊಂದನ್ನು ಮಾತ್ರ ಕಾರ್ಗೋದಲ್ಲಿ ಊರಿಗೆ ತರಿಸಿದೆ. ಅದರ ಬೆಲೆಗಿಂತ ಕಾರ್ಗೋದವನ ಬೆಲೆ ಹೆಚ್ಚು ಎಂದು ಎಲ್ಲರೂ ಬೈದರು. ಯಾಕೆ ತರಿಸಿದೆ ಎಂದು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಮ್ಮ ಚಂದ ನಮ್ಮ ಕಣ್ಣಿಗೆ. ಊರಿನವರ ಕಣ್ಣಿಗೆ ಕಂಡದ್ದೇ ಬೇರೆ. ಗಲ್ಫಿನಲ್ಲಿ ನಮ್ಮವರಲ್ಲಿ ಎರಡೇ ಬಗೆಯ ಮನೆ. ಒಂದು, ಹೇಗೂ ಬಿಟ್ಟು ಹೋಗುವ ಮನೆಯೆಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ದುಡ್ಡೆಲ್ಲ ಊರಿನ ಮನೆಗೆ ಸುರಿಯುವವರದ್ದು. ಇನ್ನೊಂದು, ಹೊಸ ಸೋಫಾ ತಂದು ಅದರ ಪ್ಲಾಸ್ಟಿಕ್ ಕೂಡ ತೆಗೆಯದೆ ಕೂರುವವರದ್ದು. ಹಳೆಯದನ್ನು ಬೇಕೆಂದೇ ಹುಡುಕಿ ತರುವವರ ಮನೆ ಯಾರೂ ಕಂಡಿರಲಿಲ್ಲ. ಒಂದು ಗುರುವಾರ ಸಂಜೆ ನಮ್ಮ ಊರಿನವರ ಸಂಘದ ಹಿರಿಯರೊಬ್ಬರು ಊಟಕ್ಕೆ ಬಂದರು. ಆ ತಗ್ಗಿನ ಕುರ್ಚಿಯಲ್ಲಿ ಕೂತರು, ಎದ್ದೇಳಲು ಮಾತ್ರ ಗಂಡ ಕೈ ಹಿಡಿದು ಎಳೆಯಬೇಕಾಯಿತು. ಅವರು ಸುತ್ತ ಒಮ್ಮೆ ಕಣ್ಣು ಹಾಯಿಸಿ ಏನೂ ಹೇಳದೆ ಹೋದರು. ಮರುವಾರ ಅದೇ ಹೊತ್ತಿಗೆ ಕೆಳಗೆ ಪಿಕಪ್ ನಿಂತಿತು. ಅದರಲ್ಲಿ ವೀಸಾ ಮುಗಿಸಿ ಎಕ್ಸಿಟ್ ಹೊಡೆದು ಊರಿಗೆ ಹೋದ ಯಾವುದೋ ಕುಟುಂಬದ ಕಂದು ರೆಕ್ಸಿನ್ ಸೋಫಾ, ಪೂರಾ ಸೆಟ್ಟು. ಹಿರಿಯರು ಗಂಡನ ಹೆಗಲ ಮೇಲೆ ಕೈಯಿಟ್ಟು, "ಕಷ್ಟ ಎಲ್ಲರಿಗೂ ಬರ್ತದೆ ಮಾರಾಯ. ನಾಚಿಕೆ ಮಾಡಿಕೊಳ್ಳಬೇಡ. ಕೆಲಸಕ್ಕಿಟ್ಟ ಕಫೀಲ್ ಸಂಬಳ ಕೊಡದಿದ್ದರೆ ನಮಗೆ ಹೇಳು, ಮಾತಾಡುವಾ" ಅಂದರು.

ಗಂಡನಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ. ಅಷ್ಟು ಒಳ್ಳೆ ಮನಸ್ಸಿನಿಂದ ತಂದವರಿಗೆ, "ಇವನ್ನು ನಾವು ಆಸೆಪಟ್ಟು ತಂದದ್ದು" ಎಂದು ಹೇಗೆ ಹೇಳುವುದು? ಸೋಫಾ ಒಳಗೆ ಬಂತು, ಮಲಗುವ ಕೋಣೆ ಸೇರಿತು, ನಾವು ರಾತ್ರಿ ಅದರ ಮೇಲೆ ಹತ್ತಿ ಇಳಿದು ಮಂಚಕ್ಕೆ ಹೋಗಬೇಕಾಯಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ನಮ್ಮ ನಗು ಮುಗಿಯುವ ಮೊದಲೇ ಸುದ್ದಿ ಸಮುದ್ರ ದಾಟಿತ್ತು.

ಉಮ್ಮನ ಫೋನ್ ಬಂತು. "ಅಳಿಯನಿಗೆ ಕೆಲಸ ಉಂಟಲ್ಲ?"

"ಉಂಟು."

"ಅಲ್ಲಿ ಇರಲಿಕ್ಕೆ ಇಕಾಮಾ ಕಾಗದ ಸರಿ ಉಂಟಲ್ಲ?"

"ಎಲ್ಲ ಸರಿ ಉಂಟು ಉಮ್ಮ. ಎಂತಕ್ಕೆ?"

"ಮತ್ತೆ ನೀವು ಹರಾಜ್‌ನಿಂದ ಹೆಕ್ಕಿ ತಂದ ಸಾಮಾನಲ್ಲಿ ಕೂತುಕೊಳ್ಳುವುದಂತೆ? ಊರಿಡೀ ಮಾತಾಡ್ತಾ ಉಂಟು. ಉಪ್ಪ ಎರಡು ದಿನದಿಂದ ಸರಿಯಾಗಿ ಊಟ ಮಾಡಲಿಲ್ಲ."

ಉಪ್ಪನಿಗೆ ಫೋನ್ ಕೊಡು ಅಂದೆ. ಅವರು ತೆಗೆದುಕೊಳ್ಳಲಿಲ್ಲ. ಒಂದು ವಾರದ ಮೇಲೆ ತಾವೇ ಫೋನ್ ಮಾಡಿ, ಒಂದೇ ಮಾತು ಹೇಳಿದರು. "ವಿಸಿಟ್ ವೀಸಾ ಮಾಡಲಿಕ್ಕೆ ಅಳಿಯನಿಗೆ ಹೇಳು. ಮಕ್ಕಕ್ಕೆ ಹೋಗಿ ಉಮ್ರಾ ಕೂಡ ಆಗ್ತದೆ, ನಿನ್ನ ಮನೆಯೂ ನೋಡಿದ ಹಾಗೆ ಆಗ್ತದೆ."

ಉಮ್ಮನಿಗೆ ಮಂಡಿ ನೋವು, ಅವರು ಬರುವ ಹಾಗಿರಲಿಲ್ಲ. ಉಪ್ಪ ಒಬ್ಬರೇ ಬರುವುದೆಂದಾಯಿತು. ಸೌದಿಯಲ್ಲಿ ಅಷ್ಟು ವರ್ಷ ದುಡಿದವರು, ನಾನು ಹೈಸ್ಕೂಲಿನಲ್ಲಿರುವಾಗ ಕೆಲಸ ಬಿಟ್ಟು ಊರು ಸೇರಿದವರು, ಮತ್ತೆ ಆ ನೆಲಕ್ಕೆ ಕಾಲಿಡುವುದು ಇದೇ ಮೊದಲು. ಉಮ್ರಾ ಎಂದರೂ ಅವರು ಬರುವುದು ನನ್ನ ಮನೆಯನ್ನು ನೋಡಿ ಒಂದು ತೀರ್ಮಾನ ಮಾಡಲಿಕ್ಕೆ ಎಂದು ನನಗೆ ಗೊತ್ತಿತ್ತು.

ಗಂಡ, "ಮಾಮ ಬರುವಾಗ ಒಂದು ಹೊಸ ಸೋಫಾ ತರುವಾ. ಅವರು ಹೋದ ಮೇಲೆ ನೋಡಿಕೊಳ್ಳುವಾ" ಅಂದರು. ಯಾವ ಹೆಂಗಸು ಅದೇ ಹೊಸ ಸೋಫಾ ಇಲ್ಲವೆಂದು ಹಾರಾಡಿದ್ದಳೋ ಅವಳಿಗೇ ಈಗ ರೋಷ ಬಂತು. ಬೇಡವೇ ಬೇಡ ಅಂದೆ. ಉಪ್ಪನ ಎದುರು ನನ್ನ ಮನೆಗೆ ವೇಷ ಹಾಕಿಸಲಾರೆ. ನನಗೆ ಬೇಕಾದದ್ದು ಇಷ್ಟೇ. ಉಪ್ಪ ಆ ಕುರ್ಚಿಯಲ್ಲಿ ಕೂತು, ಮಗಳ ಮನೆ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಬೇಕು. ಅವರು ಹೇಳಿದರೆ ಊರಿನ ಬಾಯಿ ತನ್ನಿಂತಾನೇ ಮುಚ್ಚುತ್ತದೆ. ಅವರು ಹೇಳದಿದ್ದರೆ ಊರು ಏನಂದರೂ ಒಂದೇ, ನನಗೆ ಆ ಮನೆಯಲ್ಲಿ ಮೊದಲಿನ ಹಾಗೆ ಕೂರಲು ಆಗುವುದಿಲ್ಲ.

ಉಪ್ಪ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರು ಹಾಗೇ ನಿಂತರು. ಕಣ್ಣು ಕಪಾಟಿನ ಮೇಲೆ ಹೋಯಿತು, ದೀಪದ ಮೇಲೆ ಹೋಯಿತು, ಕುರ್ಚಿಯ ಮೇಲೆ ಹೋಗಿ ನಿಂತಿತು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. "ಕೂತುಕೊಳ್ಳಿ ಮಾಮ" ಎಂದು ಗಂಡ ಕುರ್ಚಿ ತೋರಿಸಿದರೆ, "ಪ್ರಯಾಣದ ಬಟ್ಟೆ" ಎಂದು ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಸ್ನಾನ ಮಾಡಿ ಬಟ್ಟೆ ಬದಲಿಸಿದ ಮೇಲೂ ನೆಲವೇ. ಚಹ ನೆಲದಲ್ಲಿ, ಊಟ ನೆಲದಲ್ಲಿ, ಪೇಪರು ಓದುವುದು ನೆಲದಲ್ಲಿ. ಬಚ್ಚಲಿಗೆ ಹೋಗುವಾಗ ಕುರ್ಚಿ ದಾರಿಗೆ ಅಡ್ಡ ಬಂದರೆ ಸುತ್ತು ಹಾಕಿ ಹೋಗುತ್ತಿದ್ದರು, ಅದರ ಮೈಗೆ ತಮ್ಮ ಲುಂಗಿ ತಾಗದ ಹಾಗೆ.

ಗಂಡ, "ವಯಸ್ಸಾದವರಿಗೆ ನೆಲವೇ ಅಭ್ಯಾಸ" ಅಂದರು. ನನಗೆ ಸಮಾಧಾನವಾಗಲಿಲ್ಲ. ಊರಿನ ಮನೆಯಲ್ಲಿ ಅವರು ಯಾವತ್ತು ನೆಲದಲ್ಲಿ ಕೂತದ್ದು? ಅವರಿಗೆ ಅಸಹ್ಯವಾಗಿದೆ, ಹೇಳಲಾರದೆ ಇದ್ದಾರೆ, ಅಷ್ಟೇ. ನಾನು ಮಾತು ಕಡಿಮೆ ಮಾಡಿದೆ, ಪಾತ್ರೆಯ ಸದ್ದು ಜಾಸ್ತಿ ಮಾಡಿದೆ. ಉಪ್ಪ ಅದನ್ನೂ ಗಮನಿಸದವರ ಹಾಗೆ ಇದ್ದರು. ಫೋನಿನಲ್ಲಿ ಉಮ್ಮ ಮನೆ ಹೇಗಿದೆ ಎಂದು ಕೇಳಿದಾಗ, "ಉಂಟು" ಎಂದು ಅರ್ಧ ಶಬ್ದದಲ್ಲಿ ಮುಗಿಸಿದರು.

ಆ ವಾರದಲ್ಲೇ ಒಂದು ಮಧ್ಯಾಹ್ನ. ಗಂಡ ಆಫೀಸಿಗೆ ಹೋಗಿದ್ದರು. ನಾನು ಅಡುಗೆಮನೆಯಲ್ಲಿ ಚಹಕ್ಕೆ ನೀರಿಟ್ಟು, ಕಾಯಿಸಿ, ಎರಡು ಲೋಟ ಹಿಡಿದುಕೊಂಡು ಹೊರಗೆ ಬಂದೆ. ಉಪ್ಪ ನೆಲದ ಮೇಲೆ ಪೇಪರು ಹಾಸಿ, ಕುರ್ಚಿಯನ್ನು ತಲೆಕೆಳಗೆ ಮಾಡಿ ಮಲಗಿಸಿದ್ದರು. ತಮ್ಮ ಹೆಗಲ ವಸ್ತ್ರ ಬೈರಾಸನ್ನು ಒದ್ದೆ ಮಾಡಿ, ಬೆರಳಿಗೆ ಸುತ್ತಿ, ಅದರ ಅಡಿಯನ್ನು ಒರೆಸುತ್ತಿದ್ದರು.

ನನ್ನ ತಾಳ್ಮೆಯ ಕಟ್ಟೆ ಒಡೆಯಿತು. "ಅಷ್ಟು ಹೇಸಿಗೆಯಾ ಉಪ್ಪ ನಿಮಗೆ? ಏಳು ಸಲ ತೊಳೆದಿದ್ದೇನೆ. ಮಣ್ಣು ಹಾಕಿ ತೊಳೆದಿದ್ದೇನೆ. ಇದರಲ್ಲಿ ಕೂತು ನಾನು ಕುರ್‌ಆನ್ ಓದುತ್ತೇನೆ. ಕೂರಲಿಕ್ಕೆ ಮನಸ್ಸಿಲ್ಲದಿದ್ದರೆ ಬಿಡಿ, ನನ್ನ ಮುಂದೆ ಹೀಗೆ ಮಾಡಬೇಡಿ."

ಉಪ್ಪ ಕೈ ನಿಲ್ಲಿಸಲಿಲ್ಲ. "ಹೇಸಿಗೆ ಅಲ್ಲ ಮಗಳೇ. ಈ ಪಟ್ಟಿ ಮತ್ತು ಈ ಕಾಲು ಸೇರುವ ಮೂಲೆ ಉಂಟಲ್ಲ, ಇಲ್ಲಿ ಧೂಳು ನಿಲ್ತದೆ. ಮೇಲಿನಿಂದ ಕಾಣುವುದಿಲ್ಲ. ಮೇಡಂ ಬೆರಳು ಹಾಕಿ ನೋಡ್ತಿದ್ದರು."

"ಯಾವ ಮೇಡಂ?"

ಅವರು ಆಗಲೂ ತಲೆಯೆತ್ತಲಿಲ್ಲ. ಎರಡನೆಯ ಕಾಲಿನ ಮೂಲೆ ಒರೆಸಿ, ಮೂರನೆಯದಕ್ಕೆ ಹೋದರು. "ಅಬ್ಕೈಕಿನಲ್ಲಿ" ಅಂದರು.

ಅಬ್ಕೈಕ್ ನನಗೆ ಗೊತ್ತು. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಶಾಲೆಯಲ್ಲಿ ಯಾರು ಕೇಳಿದರೂ, ನನ್ನ ಉಪ್ಪ ಅಬ್ಕೈಕಿನಲ್ಲಿ ತೈಲದ ಕಂಪನಿಯ ಆಫೀಸಿನಲ್ಲಿದ್ದಾರೆ ಎಂದು ಗತ್ತಿನಿಂದ ಹೇಳುತ್ತಿದ್ದವಳು ನಾನು. ಉಮ್ಮ ಇವತ್ತಿಗೂ ಹಾಗೆಯೇ ಹೇಳುವುದು.

"ಆಫೀಸಿನಲ್ಲಿ ಮೇಡಂ ಇದ್ದರಾ?" ಎಂದು ಕೇಳಿದೆ. ಕೇಳುವಾಗಲೇ ನನಗೆ ಉತ್ತರ ಗೊತ್ತಾಗಿತ್ತು.

"ಆಫೀಸು ಎಲ್ಲಿಂದ?" ಉಪ್ಪ ನಕ್ಕರು. "ಕ್ಯಾಂಪಿನಲ್ಲಿ ಸಾಹೇಬರ ಮನೆ. ನಾನು ಹೌಸ್‌ಬಾಯ್. ಗುಡಿಸುವುದು, ಒರೆಸುವುದು, ಬಟ್ಟೆ, ಇಸ್ತ್ರಿ, ಎಲ್ಲ. ಇಂಥದ್ದೇ ಕುರ್ಚಿ ಎರಡು ಇತ್ತು ಕಿಟಕಿಯ ಹತ್ತಿರ. ಇದೇ ಕಾಲು, ಇದೇ ಪಟ್ಟಿ. ಒಂದರಲ್ಲಿ ಸಾಹೇಬರು ಕೂರ್ತಿದ್ದರು. ಇನ್ನೊಂದರಲ್ಲಿ ಅವರ ನಾಯಿ ಮಲಗ್ತಿತ್ತು."

ನಾನು ಲೋಟಗಳನ್ನು ನೆಲದ ಮೇಲಿಟ್ಟು ಅವರ ಪಕ್ಕ ಕೂತೆ.

"ಬೈತಿದ್ದರಾ?"

"ಇಲ್ಲ ಇಲ್ಲ. ಒಳ್ಳೆಯವರು. ಒಂದು ದಿನ ಸ್ವರ ಎತ್ತಿದವರಲ್ಲ. ನಾನು ರಜೆಗೆ ಹೊರಡುವಾಗ ನಿಮಗೆಲ್ಲ ಚಾಕಲೇಟು ಕಟ್ಟಿ ಕೊಡ್ತಿದ್ದರು." ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿದರು. ಕೈ ಇಡುವ ಜಾಗವನ್ನು ಹಿಂದಿನಿಂದ ಮುಂದಕ್ಕೆ ಒಂದೇ ಎಳೆತದಲ್ಲಿ ಒರೆಸಿದರು. "ಮಧ್ಯಾಹ್ನ ಮನೆಯಲ್ಲಿ ಯಾರೂ ಇರ್ತಿರಲಿಲ್ಲ. ನಾನೊಬ್ಬನೇ. ಕೂತುಕೊಳ್ಳಬೇಡ ಅಂತ ನನಗೆ ಯಾರೂ ಹೇಳಿರಲಿಲ್ಲ. ಕೂತುಕೋ ಅಂತಲೂ ಯಾರೂ ಹೇಳಲಿಲ್ಲ. ಒಂದು ಸಲವೂ ಕೂತಿಲ್ಲ ಮಗಳೇ. ಒರೆಸ್ತಾ ಇರುವಾಗ ಮನಸ್ಸಿನಲ್ಲಿ ಮಾತ್ರ, ಇದರಲ್ಲಿ ಕೂತರೆ ಹೇಗಿರಬಹುದು ಅಂತ. ಅಷ್ಟು ವರ್ಷ."

ಆ ಮೇಡಮ್ಮಿನ ಬೆರಳಿನ ಮೇಲೆ ಸಿಟ್ಟು ಬಂತು. ನಾಯಿಯ ಮೇಲೂ ಬಂತು, ಅದೇನು ಮಾಡಿತ್ತು ಪಾಪ. ನನ್ನ ಅಂಗಿ, ನನ್ನ ಪುಸ್ತಕ, ನನ್ನ ಮದುವೆಯ ಬಂಗಾರ, ಯಾವುದೂ ಹಳೆಯದಾಗಬಾರದೆಂದು ಹಟ ಹಿಡಿದ ಈ ಮನುಷ್ಯ, ದಿನಕ್ಕೊಮ್ಮೆ ಇನ್ನೊಬ್ಬರ ಕುರ್ಚಿಯ ಅಡಿಯಲ್ಲಿ ತಲೆ ಹಾಕಿ ಮಲಗಿ ಧೂಳು ತೆಗೆದಿದ್ದರು. ಅವರು ಈ ನಾಲ್ಕೈದು ದಿನ ಈ ಕುರ್ಚಿಯನ್ನು ಸುತ್ತು ಹಾಕಿ ಹೋದದ್ದು ಹೇಸಿಗೆಯಿಂದ ಎಂದು ತಿಳಿದು ನಾನು ಪಾತ್ರೆ ಕುಕ್ಕುತ್ತಿದ್ದೆ. ಅವರ ಮೇಲೆ ನನಗೆ ಆಗ ಬಂದಷ್ಟು ಪ್ರೀತಿ ಅದಕ್ಕೆ ಮೊದಲು ಬಂದಿರಲಿಲ್ಲ. ಆದರೆ ನನ್ನ ಬಾಯಿಗೆ ಪ್ರೀತಿಯೂ ಜಗಳದ ಸ್ವರದಲ್ಲೇ ಬರುವುದು.

"ಏಳಿ" ಅಂದೆ. "ಇದರಲ್ಲಿ ಕೂತುಕೊಳ್ಳಿ."

"ಬೇಡ ಮಗಳೇ. ಲುಂಗಿ ಒದ್ದೆ ಆಗಿದೆ."

"ಆಗಲಿ."

"ಮೆತ್ತೆ ಹಾಳಾಗ್ತದೆ."

"ಹಾಳಾಗಲಿ. ಇದು ನನ್ನ ಕುರ್ಚಿ ಉಪ್ಪ. ನಾನು ಹೇಳ್ತಾ ಇದ್ದೇನೆ, ಕೂತುಕೊಳ್ಳಿ."

ಉಪ್ಪ ನನ್ನ ಮುಖ ನೋಡಿದರು. ಬೈರಾಸನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. ಬಾಗಿಲ ಕಡೆ ಒಮ್ಮೆ ನೋಡಿದರು, ಯಾರಾದರೂ ಬರುತ್ತಾರೋ ಎಂಬಂತೆ. ಆಮೇಲೆ ಕುರ್ಚಿಯ ತುದಿಯಲ್ಲಿ, ಬಸ್ಸಿನಲ್ಲಿ ಇನ್ನೊಬ್ಬರ ಸೀಟು ಹಂಚಿಕೊಂಡವರ ಹಾಗೆ, ಒಂದು ಬದಿಗೆ ಕೂತರು. ನಾನು ಅವರ ಎರಡೂ ಹೆಗಲು ಹಿಡಿದು ಹಿಂದಕ್ಕೆ ಒತ್ತಿದೆ. ಬೆನ್ನು ಪಟ್ಟಿಗೆ ತಾಗಿತು. ಕೈ ತಾನಾಗಿ ಕೈ ಇಡುವ ಜಾಗಕ್ಕೆ ಹೋಯಿತು. ಅವರು ಕಣ್ಣು ಮುಚ್ಚಿದರು. ಹೊರಗೆ ಏಸಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

"ಇಷ್ಟೇಯಾ?" ಅಂದರು ಉಪ್ಪ.

ಕಣ್ಣು ತೆರೆದು ನನ್ನನ್ನು ನೋಡಿ, "ಇಷ್ಟೇಯಾ ಮಾರಾಯ್ತಿ? ನಾನು ಎಂತದೋ ಅಂದುಕೊಂಡಿದ್ದೆ" ಎಂದು ನಗಲು ಶುರು ಮಾಡಿದರು. ನಾನೂ ನಕ್ಕೆ. ನಗುತ್ತಾ ನಗುತ್ತಾ ಇಬ್ಬರ ಕಣ್ಣಲ್ಲೂ ನೀರು ಬಂತು, ಅವರದ್ದನ್ನು ಅವರು ಬೈರಾಸಿನ ಒಣ ತುದಿಯಿಂದ ಒರೆಸಿಕೊಂಡರು. ಚಹ ಆರಿತ್ತು. ಬೇರೆ ಮಾಡುತ್ತೇನೆಂದರೆ ಬೇಡವೆಂದು ಅದನ್ನೇ ಕುಡಿದರು.

ಆಗಲೇ ಉಮ್ಮನ ಫೋನ್ ಬಂತು. ನಾನು ಸ್ಪೀಕರಿಗೆ ಹಾಕಿ ಉಪ್ಪನ ಕೈಗೆ ಕೊಟ್ಟೆ.

"ಎಂತ ಮಾಡ್ತಾ ಇದ್ದೀರಿ?" ಎಂದು ಉಮ್ಮ ಕೇಳಿದರು.

"ಕುರ್ಚಿಯಲ್ಲಿ ಕೂತು ಚಹ ಕುಡಿತಾ ಇದ್ದೇನೆ."

"ಆ ಹಳೆ ಕುರ್ಚಿಯಲ್ಲಾ? ಹೇಗೆ ಉಂಟು? ಸರಿಯಾಗಿ ಹೇಳಿ, ಇಲ್ಲಿ ಎಲ್ಲರೂ ಕೇಳ್ತಾ ಇದ್ದಾರೆ."

ಉಪ್ಪ ಕೈ ಇಡುವ ಜಾಗವನ್ನೊಮ್ಮೆ ಸವರಿದರು. "ಸ್ವಲ್ಪ ತಗ್ಗು. ನಿನ್ನ ಮಂಡಿಗೆ ಆಗ್ಲಿಕ್ಕಿಲ್ಲ" ಅಂದರು. "ನನಗೆ ಸರಿ ಉಂಟು. ಕೇಳಿದವರಿಗೆ ಹೇಳು, ಮಗಳ ಮನೆ ಒಳ್ಳೆದುಂಟು."

ಉಮ್ಮನಿಗೆ ಅವರು ಬೇರೇನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಫೋನ್ ಇಟ್ಟ ಮೇಲೆ ಉಪ್ಪ ಖಾಲಿ ಲೋಟ ನೋಡಿದರು, ನನ್ನ ಲೋಟವೂ ಖಾಲಿಯಾದದ್ದನ್ನು ನೋಡಿದರು. ಎರಡನ್ನೂ ಒಂದೇ ಕೈಯಲ್ಲಿ ಎತ್ತಿಕೊಂಡು, ತೊಳೆದಿಡಲಿಕ್ಕೆಂದು ಏಳಲು ಹೊರಟರು.

"ಕೂತುಕೊಳ್ಳಿ ಉಪ್ಪ" ಅಂದೆ.

ಕೂತರು.